ತಂತಿಯಿಲ್ಲದೆ ತುಂಬುವ ವಿದ್ಯುತ್ತು



‘ನಿಸ್ತಂತು’ ಎಂಬ ಮಾತು ನಮ್ಮ ಮನೆಗಳಿಗೆ ಬಂದದ್ದು ರೇಡಿಯೋದ ಕೈಹಿಡಿದು. ತಂತು ಎಂದರೆ ಎಳೆ, ನೂಲು, ಅದಿಲ್ಲದ್ದು ನಿಸ್ತಂತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿಯ ನಿಲಯ ಆರಂಭವಾದ ಹೊಸತರಲ್ಲಿ, ನಡುವೆ ಒಂದೆಳೆ ದಾರವೂ ಇಲ್ಲದೆ ಅಲ್ಲಿ ಆಡಿದ ಮಾತು ಇಲ್ಲಿ ನಮ್ಮ ಪಡಸಾಲೆಯಲ್ಲಿ ಹೇಗೆ ಕೇಳಿಸುತ್ತದೆಂದು ಹಿರಿಯರು ಬೆರಗಾಗುತ್ತಿದ್ದರಂತೆ. ನಮ್ಮ ತಂದೆಯವರು ಇದನ್ನು ಹಲವು ಸಲ ಹೇಳಿದ್ದುಂಟು. ಈಗ ಅದೇ ಬೆರಗು ಇನ್ನೊಂದು ವೇಷದಲ್ಲಿ ಬಂದಿದೆ. ವಿದ್ಯುತ್ತಿನಿಂದ ಓಡುವ ಮೋಟಾರುಗಾಡಿಗೆ ತಂತಿಯನ್ನು ಸಿಕ್ಕಿಸದೆಯೇ ವಿದ್ಯುತ್ತನ್ನು ತುಂಬಬಹುದೆಂದು ಕೇಳುತ್ತಿದ್ದೇವೆ. ಗಾಡಿಯನ್ನು ಒಂದು ಹಲಗೆಯ ಮೇಲೆ ತಂದು ನಿಲ್ಲಿಸಿದರಾಯಿತು. ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ.

ನಾನು ಕನ್ನಡ ಪಂಡಿತ, ವಿಜ್ಞಾನದ ಮಾಸ್ತರನಲ್ಲ. ಈ ವಿಷಯಕ್ಕೆ ಕೈ ಹಾಕಲು ಒಂದು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರೋಣದಲ್ಲಿದ್ದಾನೆ. ಎಳವೆಯಲ್ಲಿ ಪೋಲಿಯೋ ಬಂದು ಒಂದು ಕಾಲಿನ ಬಲ ಹೋಯಿತು. ಬ್ಯಾಟರಿಯ ಮೂರು ಗಾಲಿಯ ಗಾಡಿಯಲ್ಲಿ ಬಿಸ್ಕೀಟು, ಬೆಂಕಿಪೆಟ್ಟಿಗೆ, ಸೋಪುಗಳನ್ನು ಹೇರಿಕೊಂಡು ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಕೊಟ್ಟುಬರುವುದು ಅವನ ಉದ್ಯೋಗ. ದಿನವಿಡೀ ಅವನಿಗೆ ತೊಂದರೆಯಿಲ್ಲ. ತೊಂದರೆ ರಾತ್ರಿ ಮನೆಗೆ ಬಂದ ಮೇಲೆ. ಊರುಗೋಲನ್ನು ಗೋಡೆಗೆ ಆನಿಸಿ, ಬಗ್ಗಿ, ನೆಲದಿಂದ ಒಂದು ಮೊಳ ಎತ್ತರದಲ್ಲಿರುವ ಪ್ಲಗ್ಗಿನ ಬಾಯಿಗೆ ವಾಯರನ್ನು ಸಿಕ್ಕಿಸಬೇಕು. ಹಿಂದಿನ ಮಳೆಗಾಲದಲ್ಲಿ ಅಲ್ಲಿಯೇ ಜಾರಿ ಬಿದ್ದ, ಕೈ ಒದ್ದೆಯಿತ್ತು, ವಿದ್ಯುತ್ತು ಹೊಡೆಯಿತು. ದೇವರು ದೊಡ್ಡವನು, ಬದುಕಿಕೊಂಡ. ಆಮೇಲೆ ಒಂದು ದಿನ ಮನೆಗೆ ಬಂದು ಕೇಳಿದ: “ಸರ, ವಾಯರ್ ಇಲ್ಲದ ಚಾರ್ಜಿಂಗ್ ಬಂದೈತಿ ಅಂತಾರಲ್ರಿ, ಅದು ಖರೇನ ಏನ್ರಿ? ನಮ್ಮೂರಿಗೆ ಯಾವಾಗ ಬರ್ತೈತ್ರಿ?” “ಓದಿ ಹೇಳ್ತೀನಪಾ” ಎಂದೆ. ಓದಿದ್ದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಅವನ ಮೊದಲನೆಯ ಪ್ರಶ್ನೆಗೆ ಉತ್ತರ ನಿಮ್ಮ ಅಡಿಗೆಮನೆಯಲ್ಲಿಯೇ ಇದ್ದೀತು. ಇಂಡಕ್ಷನ್ ಒಲೆಯನ್ನು ನೀವು ಬಲ್ಲಿರಿ. ಅದರಲ್ಲಿ ಉರಿಯಿಲ್ಲ, ಕೆಂಪಗೆ ಕಾಯುವ ಸುರುಳಿಯೂ ಕಾಣಿಸುವುದಿಲ್ಲ. ಗಾಜಿನಂಥ ಹಾಸಿನ ಮೇಲೆ ಉಕ್ಕಿನ ಪಾತ್ರೆಯನ್ನಿಟ್ಟರೆ ಪಾತ್ರೆಯೇ ಕಾಯುತ್ತದೆ. ಹಾಸಿನ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದು ಅಡಗಿದೆ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗಿ ಹರಿಯುತ್ತದೆ. ಹಾಗೆ ಹರಿದಾಗ ಸುರುಳಿಯ ಸುತ್ತ ಅಯಸ್ಕಾಂತದ ಪ್ರಭಾವ ಹುಟ್ಟುತ್ತದೆ, ಅಡಗುತ್ತದೆ, ತಿರುಗಿ ಹುಟ್ಟುತ್ತದೆ. ಈ ಏರಿಳಿತವು ಪಾತ್ರೆಯ ತಳದಲ್ಲಿ ತನ್ನದೇ ವಿದ್ಯುತ್ತನ್ನು ಎಬ್ಬಿಸುತ್ತದೆ, ಪಾತ್ರೆ ಬಿಸಿಯಾಗುತ್ತದೆ. ಈಗ ಪಾತ್ರೆಯನ್ನು ತೆಗೆದು ಅದರ ಜಾಗದಲ್ಲಿ ತಾಮ್ರದ ಇನ್ನೊಂದು ಸುರುಳಿಯನ್ನಿಡಿರೆಂದುಕೊಳ್ಳಿ. ಅದರಲ್ಲಿಯೂ ವಿದ್ಯುತ್ತು ಏಳುತ್ತದೆ. ಅದನ್ನು ಬಿಸಿಯಾಗಿ ಕಳೆಯುವ ಬದಲು ಎರಡು ತುದಿಗಳಿಂದ ಹೊರಕ್ಕೆ ತೆಗೆದು ಬ್ಯಾಟರಿಗೆ ಕೊಡಬಹುದು. ಕೆಳಗಿನ ಸುರುಳಿ ನೆಲದಲ್ಲಿ, ಮೇಲಿನ ಸುರುಳಿ ಗಾಡಿಯ ಹೊಟ್ಟೆಯಡಿ. ಇಡೀ ವಿದ್ಯೆಯ ತಿರುಳು ಇಷ್ಟೇ.

ಇದಕ್ಕೆ ಕನ್ನಡದಲ್ಲಿ ‘ಪ್ರೇರಣೆ’ ಎಂಬ ಶಬ್ದವನ್ನು ಬಳಸಿದ್ದಾರೆ. ಪಾರಿಭಾಷಿಕ ಶಬ್ದಗಳು ಬಹುಮಟ್ಟಿಗೆ ಕಬ್ಬಿಣದ ಕಡಲೆಗಳೆಂಬ ದೂರು ನನ್ನದೂ ಹೌದು; ಆದರೆ ಈ ಶಬ್ದವನ್ನು ಇಟ್ಟವರಿಗೆ ನಾನು ಕೈಮುಗಿಯುತ್ತೇನೆ. ಮುಟ್ಟದೆ, ನೂಕದೆ, ದೂರದಿಂದಲೇ ಇನ್ನೊಂದರಲ್ಲಿ ಚಲನೆಯನ್ನು ಹುಟ್ಟಿಸುವುದು ಪ್ರೇರಣೆ. ಅಯಸ್ಕಾಂತವು ಕಬ್ಬಿಣವನ್ನು ಎಳೆಯುವುದನ್ನು ನಮ್ಮ ಹಿಂದಿನವರೂ ಬಲ್ಲವರಾಗಿದ್ದರು. ಕಾಳಿದಾಸನು ‘ಕುಮಾರಸಂಭವ’ದಲ್ಲಿ ಅದನ್ನೇ ಉಪಮೆಯಾಗಿ ತಂದಿದ್ದಾನೆ. ಹೀಗೆಂದು ವಿಮಾನವೂ ನಮ್ಮಲ್ಲಿತ್ತು, ವಿದ್ಯುತ್ತೂ ನಮ್ಮಲ್ಲಿತ್ತು ಎಂದು ಹೊರಡುವವರ ಪಂಕ್ತಿಯಲ್ಲಿ ನಾನು ಕೂಡುವವನಲ್ಲ. ಎಳೆತವನ್ನು ಕಂಡದ್ದು ಬೇರೆ, ಅದರ ಏರಿಳಿತದಿಂದ ವಿದ್ಯುತ್ತು ಹುಟ್ಟೀತೆಂದು ಕಂಡುಕೊಂಡದ್ದು ಬೇರೆ.

ಆ ಎರಡನೆಯದನ್ನು ಕಂಡವನು ಲಂಡನ್ನಿನ ಮೈಕೇಲ್ ಫ್ಯಾರಡೆ. ಕಮ್ಮಾರನೊಬ್ಬನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. 1831ರ ಆಗಸ್ಟ್ 29ರಂದು ಅವನು ಕಬ್ಬಿಣದ ಬಳೆಯೊಂದರ ಎರಡು ಮಗ್ಗುಲಿಗೂ ಬೇರೆ ಬೇರೆ ತಂತಿಗಳನ್ನು ಸುತ್ತಿದ. ಒಂದು ತಂತಿಗೆ ಬ್ಯಾಟರಿ, ಇನ್ನೊಂದರ ಬಳಿ ದಿಕ್ಸೂಚಿಯ ಮುಳ್ಳು. ಒಂದಕ್ಕೊಂದು ಎಲ್ಲಿಯೂ ತಗಲಿರಲಿಲ್ಲ. ಬ್ಯಾಟರಿಯನ್ನು ಜೋಡಿಸಿದ ಕ್ಷಣದಲ್ಲಿ ಮುಳ್ಳು ಅಲುಗಿತು, ಸುಮ್ಮನಾಯಿತು. ಬಿಡಿಸಿದ ಕ್ಷಣದಲ್ಲಿ ಮತ್ತೆ ಅಲುಗಿತು. ವಿದ್ಯುತ್ತು ಒಂದೇ ಸಮನೆ ಹರಿಯುತ್ತಿದ್ದಾಗ ಏನೂ ಇಲ್ಲ. ಬದಲಾದಾಗ ಮಾತ್ರ ಆಚೆಯ ತಂತಿಗೆ ಸುದ್ದಿ ಮುಟ್ಟುತ್ತದೆ. ಈ ಬದಲಾವಣೆ ಎಷ್ಟು ಬೇಗ ಬೇಗ ಆದರೆ ಆಚೆ ಏಳುವ ವಿದ್ಯುತ್ತು ಅಷ್ಟು ಬಲವಾಗಿರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಫ್ಯಾರಡೆಯ ಆ ಬಳೆ ಈಗ ನಿಮ್ಮ ಓಣಿಯ ಮೂಲೆಯಲ್ಲಿ ಎರಡು ಕಂಬಗಳ ನಡುವೆ ಗುಂಯ್ ಎನ್ನುತ್ತ ನಿಂತಿದೆ. ನಮ್ಮ ರೈತರು ಅದನ್ನು ಟಿ.ಸಿ. ಎನ್ನುತ್ತಾರೆ, ಟ್ರಾನ್ಸ್‌ಫಾರ್ಮರ್ ಎಂದರೂ ಅದೇ. ‘ಟಿ.ಸಿ. ಸುಟ್ಟೈತಿ’ ಎಂಬ ಮಾತನ್ನು ಕೇಳದೆ ನಮ್ಮ ಸೀಮೆಯಲ್ಲಿ ಬೇಸಿಗೆ ಕಳೆದದ್ದಿಲ್ಲ. ಅದರೊಳಗಿನ ಎರಡು ಸುರುಳಿಗಳಲ್ಲಿ ಒಂದು ಮೇಲಿನ ದೊಡ್ಡ ಸಾಲಿಗೆ, ಇನ್ನೊಂದು ನಮ್ಮ ಮನೆಗಳಿಗೆ ಸೇರಿದ್ದು. ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಹೋಗುವುದು ಪ್ರೇರಣೆಯಿಂದಲೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದಾಗ ಬಳಸಿದ್ದೂ ಇದನ್ನೇ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು, ಅಂದರೆ ನಮ್ಮ ಹುಡುಗರು ‘ಫ್ಯಾನು’ ಎಂದು ಕರೆಯುವವನ್ನು, ನೋಡಿರಿ. ಆಷಾಢದ ಗಾಳಿಗೆ ರೆಕ್ಕೆ ತಿರುಗಿ ವಿದ್ಯುತ್ತು ಹುಟ್ಟುವುದು ಪ್ರೇರಣೆಯಿಂದ. ಹುಟ್ಟಿದ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ದೂರದ ಪಯಣಕ್ಕೆ ತಕ್ಕಷ್ಟು ಒತ್ತಡ ಪಡೆಯುವುದೂ ಪ್ರೇರಣೆಯಿಂದ. ಆದುದರಿಂದ ವಿದ್ಯುತ್ತು ನಡುವಿನ ಸಂದನ್ನು ಜಿಗಿಯುವುದು ಹೊಸ ಪವಾಡವೇನೂ ಅಲ್ಲ. ಗುಡ್ಡದಿಂದ ನಿಮ್ಮ ಮನೆಯ ದೀಪಕ್ಕೆ ಬರುವಷ್ಟರಲ್ಲಿ ಅದು ಹಲವು ಸಂದುಗಳನ್ನು ಜಿಗಿದೇ ಬಂದಿರುತ್ತದೆ. ಗಾಡಿಯ ಹೊಟ್ಟೆಯಡಿಯದು ಇನ್ನೊಂದು ಸಂದು, ಅಷ್ಟೆ.

ಆದರೆ ಇಲ್ಲೊಂದು ತೊಡಕಿದೆ. ಟಿ.ಸಿ.ಯೊಳಗಿನ ಎರಡು ಸುರುಳಿಗಳು ಒಂದೇ ಕಬ್ಬಿಣದ ಚೌಕಟ್ಟಿಗೆ ಒತ್ತಾಗಿ ಸುತ್ತಿಕೊಂಡಿರುತ್ತವೆ; ಅಯಸ್ಕಾಂತದ ಪ್ರಭಾವ ಕಬ್ಬಿಣದ ದಾರಿಯಲ್ಲಿಯೇ ಸಾಗುತ್ತದೆ, ಚೆದುರುವುದು ಅತ್ಯಲ್ಪ. ಗಾಡಿಯ ವಿಷಯದಲ್ಲಿ ನಾವು ಮಾಡುವುದು ಆ ಚೌಕಟ್ಟನ್ನು ನಡುವೆ ಕೊಯ್ದು, ಅರ್ಧವನ್ನು ನೆಲಕ್ಕೂ ಅರ್ಧವನ್ನು ಗಾಡಿಗೂ ಕಟ್ಟಿದಂತೆ. ನಡುವೆ ಸುಮಾರು ಒಂದು ಗೇಣು ಬರೀ ಗಾಳಿ. ಪ್ರಭಾವ ಅತ್ತಿತ್ತ ಚೆದುರಿಹೋಗುತ್ತದೆ. ಈ ತೊಡಕನ್ನು ಎರಡು ಉಪಾಯಗಳಿಂದ ಗೆದ್ದಿದ್ದಾರೆ. ಮೊದಲನೆಯದು ನಾನು ನೆನಪಿಡಿರೆಂದ ಮಾತು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳ ಲೆಕ್ಕದಲ್ಲಿ ಹಿಂದುಮುಂದಾಗುತ್ತದೆ. ನೆಲದ ಸುರುಳಿಗೆ ಅದನ್ನು ಸೆಕೆಂಡಿಗೆ 85,000ದಷ್ಟಕ್ಕೆ ಏರಿಸಿ ಕೊಡುತ್ತಾರೆ.

ಎರಡನೆಯ ಉಪಾಯವನ್ನು ಗದಗ ಸೀಮೆಯವರಿಗೆ ಹೇಳುವುದು ಸುಲಭ; ಸಂಗೀತ ಇಲ್ಲಿಯ ನೀರಿನಲ್ಲಿಯೇ ಇದೆ. ಸಿತಾರಿನಲ್ಲಿ ಮೇಲೆ ಮೀಟುವ ತಂತಿಗಳ ಕೆಳಗೆ ಇನ್ನೊಂದು ಸಾಲು ಸಣ್ಣ ತಂತಿಗಳಿರುತ್ತವೆ. ಅವು ತರಫಿನ ತಂತಿಗಳು. ನುಡಿಸುವಾಗ ಅವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೇಲಿನ ತಂತಿಯಲ್ಲಿ ಒಂದು ಸ್ವರ ನುಡಿದಾಗ, ಅದೇ ಸ್ವರಕ್ಕೆ ಕೂಡಿಸಿದ ಕೆಳಗಿನ ತಂತಿ ತಾನಾಗಿಯೇ ಮಿಡಿಯುತ್ತದೆ. ಶ್ರುತಿ ತಪ್ಪಿದ್ದರೆ ಮೂಕವಾಗಿರುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಹೀಗೆಯೇ ನೆಲದ ಸುರುಳಿಯನ್ನೂ ಗಾಡಿಯ ಸುರುಳಿಯನ್ನೂ ಒಂದೇ ಶ್ರುತಿಗೆ ಕೂಡಿಸುತ್ತಾರೆ. 2007ರಲ್ಲಿ ಅಮೇರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಹೀಗೆ ಶ್ರುತಿಗೂಡಿಸಿದ ಎರಡು ಸುರುಳಿಗಳಿಂದ, ಎರಡು ಮೀಟರಿಗೂ ಮಿಕ್ಕಿದ ದೂರದಲ್ಲಿದ್ದ 60 ವಾಟಿನ ಬಲ್ಬನ್ನು ಉರಿಸಿ ತೋರಿಸಿದರು. ಕೊಟ್ಟದ್ದರಲ್ಲಿ ಸುಮಾರು ನೂರಕ್ಕೆ 40ರಷ್ಟು ಮಾತ್ರ ಆಚೆ ಮುಟ್ಟಿತು. ಗಾಡಿಯಡಿ ದೂರ ಒಂದೇ ಗೇಣಾದ್ದರಿಂದ ಮುಟ್ಟುವುದು ಇದಕ್ಕಿಂತ ಬಹಳ ಹೆಚ್ಚು.

ರೇಡಿಯೋದ ನಿಸ್ತಂತುವಿಗೂ ಇದಕ್ಕೂ ಇರುವ ಭೇದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ; ಇಲ್ಲದಿದ್ದರೆ ಧಾರವಾಡದಿಂದ ಮಾತು ಬಂದಂತೆ ಗಾಡಿಗೂ ವಿದ್ಯುತ್ತು ಬಂದೀತೆಂದು ಯಾರಾದರೂ ಕಾದು ಕುಳಿತಾರು. ರೇಡಿಯೋದ ಅಲೆ ನಿಮ್ಮ ಮನೆಗೆ ಮುಟ್ಟುವ ಹೊತ್ತಿಗೆ ಅದರಲ್ಲಿ ಉಳಿದಿರುವ ಶಕ್ತಿ ಅತಿ ಕ್ಷೀಣ. ಅದು ತರುವುದು ಸಂದೇಶವನ್ನು. ಅದನ್ನು ಗಟ್ಟಿಯಾಗಿ ನುಡಿಸುವ ಶಕ್ತಿ ನಿಮ್ಮ ಮನೆಯ ವಿದ್ಯುತ್ತಿನದೋ ಸೆಲ್ಲಿನದೋ ಆಗಿರುತ್ತದೆ. ನಿಕೋಲಾ ಟೆಸ್ಲಾ ಎಂಬ ಮಹಾಪ್ರತಿಭಾವಂತನು ಶಕ್ತಿಯನ್ನೇ ದೂರದೂರಕ್ಕೆ ತಂತಿಯಿಲ್ಲದೆ ಕಳಿಸುವೆನೆಂದು ನ್ಯೂಯಾರ್ಕಿನ ಹತ್ತಿರ 1901ರಲ್ಲಿ ದೊಡ್ಡ ಗೋಪುರವನ್ನೇ ಕಟ್ಟಿಸತೊಡಗಿದ. ಹಣ ಕೊಟ್ಟವರು ಕೈಬಿಟ್ಟರು. 1917ರಲ್ಲಿ ಗೋಪುರವನ್ನು ಕೆಡವಿದರು. ಒಂದು ಗೇಣಿಗೆ ತೃಪ್ತರಾದವರು ಗೆದ್ದರು.

ಇನ್ನು ಗಾಡಿಗಳ ಮಾತು. ವಿದ್ಯುತ್ ಮೋಟಾರುಗಾಡಿ ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಗಾಡಿ ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಹೊರಡಿಸಿದ ರಾಜ್ಯವೂ ನಮ್ಮದೇ, ಅದು 2017ರಲ್ಲಿ. ತಂತಿಯಿಲ್ಲದೆ ತುಂಬುವ ಪ್ರಯೋಗಗಳು ಮಾತ್ರ ಹೆಚ್ಚಾಗಿ ಹೊರನಾಡುಗಳಲ್ಲಿ ನಡೆದಿವೆ. ಇಟಲಿಯ ಟುರಿನ್ ನಗರದಲ್ಲಿ 2003ರ ಸುಮಾರಿಗೆ ಸಣ್ಣ ಬಸ್ಸುಗಳು ನಿಲ್ದಾಣದ ನೆಲದಿಂದ ಹೀಗೆ ವಿದ್ಯುತ್ತನ್ನು ಪಡೆಯತೊಡಗಿದವು. ದಕ್ಷಿಣ ಕೊರಿಯಾದ ಗುಮಿ ಎಂಬ ಊರಿನಲ್ಲಿ 2013ರಲ್ಲಿ, 24 ಕಿಲೋಮೀಟರ್ ಸುತ್ತಿನ ದಾರಿಯಲ್ಲಿ, ಓಡುತ್ತಿರುವಾಗಲೇ ತುಂಬಿಕೊಳ್ಳುವ ಬಸ್ಸುಗಳನ್ನು ಬಿಟ್ಟರು. ಅಲ್ಲಿ ದಾರಿಯುದ್ದಕ್ಕೂ ಸುರುಳಿ ಹೂಳಿರಲಿಲ್ಲ. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಹೂಳಿದ್ದರು. ಅಮೇರಿಕೆಯ ಡೆಟ್ರಾಯಿಟಿನಲ್ಲಿ 2023ರ ನವೆಂಬರಿನಲ್ಲಿ ಕಾಲು ಮೈಲಿಯ ಬೀದಿಯೊಂದನ್ನು ಹೀಗೆ ಸಜ್ಜುಗೊಳಿಸಿದರು. ನಮ್ಮ ದೇಶದಲ್ಲಿ ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯೂ ನಾಗಪುರದ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಕೂಡಿ ಒಂದೂವರೆ ಕಿಲೋವಾಟಿನ ಯಂತ್ರವೊಂದನ್ನು ಸಿದ್ಧಪಡಿಸಿವೆ. ನಾಗಪುರದ ಆ ಸಂಸ್ಥೆಗೆ ಹೆಸರು ಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೇ ಎಂದು ಹೇಳಿಕೊಳ್ಳುವ ಆಸೆಯನ್ನು ತಡೆಯಲಾರೆ.

ಇಷ್ಟು ಓದಿದ ಮೇಲೆ ನನ್ನ ಶಿಷ್ಯನ ಎರಡನೆಯ ಪ್ರಶ್ನೆಗೆ ಬಂದೆ. ಬಂದರೂ ಎಲ್ಲಿಗೆ ಬರಬೇಕು? ರಸ್ತೆಗೋ, ಮನೆಗೋ, ಬಸ್‌ಸ್ಟ್ಯಾಂಡಿಗೋ?

ರಸ್ತೆಯೆಂದರೆ ನಾನು ಒಪ್ಪಲಾರೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ನವಲಗುಂದ, ನರಗುಂದಗಳನ್ನು ಹಾಯ್ದು ಹೋಗುತ್ತದೆ. ಆ ಸೀಮೆಯ ಎರೆಭೂಮಿಯ ಗುಣ ನಿಮಗೆ ಗೊತ್ತು. ಮಳೆ ಬಿದ್ದರೆ ಹಿಟ್ಟು ಹುದುಗಿದಂತೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಬುನಾದಿಯನ್ನು ಆಳಕ್ಕೆ ಒಯ್ಯದೆ ಕಟ್ಟಿದ ಮನೆಯ ಗೋಡೆ ಮೂರು ವರ್ಷದಲ್ಲಿ ಸೀಳುತ್ತದೆ. ಗರಸು ಹಾಕಿ, ಗಟ್ಟಿಸಿ ಮಾಡಿದ ರಸ್ತೆಯೂ ಅಲೆಯಲೆಯಾಗಿ ಏಳುವುದನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರು ತಮ್ಮ ಬೆನ್ನೆಲುಬಿನಿಂದಲೇ ಅರಿತಿದ್ದಾರೆ. ಅಂಥ ನೆಲದಲ್ಲಿ ಹೂತ ಸುರುಳಿ ಎಷ್ಟು ದಿನ ಬಾಳೀತು? ಗುಮಿಯಲ್ಲಿ ಆದದ್ದು ನರಗುಂದದಲ್ಲಿಯೂ ಆಗಬೇಕೆಂದರೆ ಮೊದಲು ಈ ಮಣ್ಣನ್ನು ಕೇಳಬೇಕು.

ಮನೆಯಲ್ಲಿ? ಆಗಬಹುದು, ಲೆಕ್ಕ ಮಾತ್ರ ನೋಡಬೇಕು. ಮೋಟಾರು ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಇದಕ್ಕೊಂದು ಮಾನಕವನ್ನು ಪ್ರಕಟಿಸಿತು. ಅದರ ಪ್ರಕಾರ ಗಾಡಿ ಸರಿಯಾಗಿ ಸುರುಳಿಯ ಮೇಲೆ ನಿಂತಾಗ ನೂರರಲ್ಲಿ ಕನಿಷ್ಠ 85ರಷ್ಟು ಮುಟ್ಟಬೇಕು. ಚೆನ್ನಾಗಿ ಮಾಡಿದವುಗಳಲ್ಲಿ 90 ದಾಟುವುದೂ ಉಂಟು. ಹಿಂದುಮುಂದಾಗಿ ಏಳೂವರೆ, ಎಡಬಲಕ್ಕೆ ಹತ್ತು ಸೆಂಟಿಮೀಟರಿನಷ್ಟು ತಪ್ಪಿದರೂ ನಡೆದೀತು. ಅದಕ್ಕೂ ಹೆಚ್ಚು ಸರಿದರೆ ಆಗದು. ತಿಂಗಳಿಗೆ 150 ಯುನಿಟ್ಟು ತುಂಬಿಸುವ ಮನೆಯಲ್ಲಿ ನೂರಕ್ಕೆ ಹತ್ತು ಪೋಲಾದರೆ 15 ಯುನಿಟ್ಟು ಹೋಯಿತು. ತಂತಿಯಿಂದ ತುಂಬಿಸಿದರೂ ಸ್ವಲ್ಪ ಪೋಲಾಗುತ್ತದೆನ್ನಿ. ಆದುದರಿಂದ ಈ ನಷ್ಟ ಅಷ್ಟು ದೊಡ್ಡದಲ್ಲ. ದೊಡ್ಡದು ಯಂತ್ರದ ಬೆಲೆ. ಇನ್ನೊಂದು ಮಾತು: ನಮ್ಮಲ್ಲಿ ನಿಂತ ಗಾಡಿಯ ನೆರಳು ಬೀದಿನಾಯಿಗೂ ಕೋಳಿಗೂ ಆಡಿನ ಮರಿಗೂ ಸಲ್ಲುವ ಮಠ. ಸುರುಳಿಯ ಮೇಲೆ ನಾಣ್ಯವೋ ಡಬ್ಬಿಯ ಮುಚ್ಚಳವೋ ಬಿದ್ದಿದ್ದರೆ ಒಲೆಯ ಮೇಲಿನ ಪಾತ್ರೆಯಂತೆಯೇ ಕಾದೀತು. ಆದಕಾರಣ ಲೋಹವನ್ನೂ ಜೀವಿಗಳನ್ನೂ ಗುರುತಿಸಿ ತಾನಾಗಿಯೇ ನಿಲ್ಲುವ ಏರ್ಪಾಡು ಒಳ್ಳೆಯ ಯಂತ್ರಗಳಲ್ಲಿರುತ್ತದೆ. ಅಗ್ಗದ ಯಂತ್ರ ಬಂದಾಗ ಮೊದಲು ಕೇಳಬೇಕಾದದ್ದು ಇದನ್ನೇ. ಎದೆಯಲ್ಲಿ ಪೇಸ್‌ಮೇಕರ್ ಕೂಡಿಸಿಕೊಂಡವರು ವೈದ್ಯರನ್ನು ಕೇಳಿಯೇ ಹತ್ತಿರ ಹೋಗುವುದು ಒಳಿತು.

ಬಸ್‌ಸ್ಟ್ಯಾಂಡಿನ ಮಾತು ಬೇರೆ. ಅಲ್ಲಿ ನೆಲಕ್ಕೆ ಗಟ್ಟಿಯಾದ ಕಾಂಕ್ರೀಟು ಹಾಕಬಹುದು. ಬಸ್ಸು ದಿನವೂ ಅದೇ ಹೊತ್ತಿಗೆ, ಅದೇ ಫಲಕದ ಮುಂದೆ ಬಂದು ನಿಲ್ಲುತ್ತದೆ. ಡ್ರೈವರು ಚಹಾ ಕುಡಿದು, ಕಂಡಕ್ಟರು ರುಜು ಹಾಕಿಸಿಕೊಂಡು ಬರುವ ಹತ್ತು ಹದಿನೈದು ನಿಮಿಷ ಅದಕ್ಕೆ ಬಿಡುವು. ದಿನಕ್ಕೆ ಹತ್ತು ಸಲ ಇಷ್ಟಿಷ್ಟೇ ತುಂಬಿಕೊಂಡರೆ ದೊಡ್ಡ ಬ್ಯಾಟರಿಯನ್ನು ಹೊತ್ತು ತಿರುಗುವ ಅಗತ್ಯವಿಲ್ಲ. ಟುರಿನ್ನಿನವರ ಉಪಾಯವೂ ಇದೇ ಆಗಿತ್ತು. ಒಂದು ಸುರುಳಿ ಹತ್ತಾರು ಬಸ್ಸುಗಳಿಗೆ, ನೂರಾರು ಜನಕ್ಕೆ ಆಗುತ್ತದೆ. ಗಜೇಂದ್ರಗಡದ ಗುಡ್ಡದ ಗಾಳಿ ಗಜೇಂದ್ರಗಡದ ಬಸ್ಸನ್ನೇ ಓಡಿಸುವ ದಿನವೊಂದು ಬಂದರೆ ಅದನ್ನು ನೋಡಲು ನಾನು ಬದುಕಿರಬೇಕೆಂದು ಆಸೆ. ಬಸ್‌ಸ್ಟ್ಯಾಂಡಿನ ನಂತರದ ಸರದಿ ನನ್ನ ಶಿಷ್ಯನಂಥವರದು ಎಂದು ನನ್ನ ಮತ. ದೊಡ್ಡ ಗಾಡಿಯ ಶ್ರೀಮಂತನಿಗೆ ಇದು ಬಗ್ಗುವ ಆಲಸ್ಯವನ್ನು ತಪ್ಪಿಸುತ್ತದೆ. ಊರುಗೋಲು ಹಿಡಿದವನಿಗೆ ಬೀಳುವುದನ್ನು ತಪ್ಪಿಸುತ್ತದೆ. ಸಹಾಯಧನ ಕೊಡುವವರು ಎಂದಾದರೂ ಸಾಲು ಹಚ್ಚಿದರೆ ಮುಂದೆ ಯಾರು ನಿಲ್ಲಬೇಕೆಂಬುದರಲ್ಲಿ ಸಂದೇಹವಿರಬಾರದು.

ಇಷ್ಟನ್ನೂ ಅವನಿಗೆ ಹೇಳಿದೆ. ಅವನು ಸಮಾಧಾನದಿಂದ ಕೇಳಿ, “ಅಲ್ಲೀತನಕ ಏನ್ ಮಾಡ್ಲಿರಿ, ಸರ?” ಎಂದ. ಪಂಡಿತನ ಬಳಿ ಇದಕ್ಕೆ ಉತ್ತರವಿರಲಿಲ್ಲ. ನಮ್ಮ ಓಣಿಯ ವಾಯರಮನ್ನನ ಬಳಿ ಇತ್ತು. ಪ್ಲಗ್ಗಿನ ಪೆಟ್ಟಿಗೆಯನ್ನು ಕಿತ್ತು ಎದೆಯ ಎತ್ತರಕ್ಕೆ ಕೂಡಿಸಿದರು. ಮೇಲೆ ತಗಡು ಇಳಿಬಿಟ್ಟರು. ಹೊಸದಾಗಿ ಅರ್ಥಿಂಗ್ ಹಾಕಿ, ವಿದ್ಯುತ್ತು ಸೋರಿದ ಕ್ಷಣದಲ್ಲಿ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನೂ ಇಟ್ಟರು. ಗಾಡಿ ನಿಲ್ಲುವಲ್ಲಿ ಜಾರದಂತೆ ಒರಟು ಕಾಂಕ್ರೀಟು ಹಾಕಿದರು. ಕಾಂಕ್ರೀಟು ಹಾಕುವಾಗ ಅವನು ಗೌಂಡಿಗೆ ಹೇಳಿ, ನಡುವೆ ಎರಡು ಅಡಿ ಚೌಕದಷ್ಟು ಜಾಗ ಬಿಡಿಸಿ, ಅಲ್ಲಿಂದ ಗೋಡೆಯವರೆಗೆ ಒಂದು ಖಾಲಿ ಪೈಪನ್ನೂ ಹೂಳಿಸಿದ್ದಾನೆ. ಸದ್ಯಕ್ಕೆ ಆ ಚೌಕದಲ್ಲಿ ಉಸುಕು ತುಂಬಿದೆ.